ಪಿಡಿಎಫ್‌ನಲ್ಲಿ ಸಿಕ್ಕಿಬಿದ್ದ ಮಳೆ: ಶಿವಮೊಗ್ಗ ಜಿಲ್ಲೆಯ ದಿನದ ಲೆಕ್ಕ ಹೊರತೆಗೆದ ಟಿಪ್ಪಣಿ

ಕೆಲಸ ಇಷ್ಟೇ. ಶಿವಮೊಗ್ಗ ಜಿಲ್ಲೆಯ ದಿನದಿನದ ಮಳೆ ಲೆಕ್ಕವನ್ನು ಪಿಡಿಎಫ್, ಸ್ಕ್ಯಾನ್, ಕಾಗದಗಳಿಂದ ಬಿಡಿಸಬೇಕು. ಒಂದೇ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬಿಡಿಸಿದ ಸರಳ ಕೋಷ್ಟಕ) ಮಾಡಬೇಕು. ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ ಬಳಸಲಿ ಅಂತ ಬಿಡಬೇಕು. ಹೋಬಳಿ ಮಟ್ಟದ್ದು ಮುಗಿದಿದೆ. ಗ್ರಾಮ ಪಂಚಾಯಿತಿ ಮಟ್ಟದ್ದು ಅರ್ಧಕ್ಕೆ ನಿಂತಿದೆ.

ಯಾಕೆ ಶುರುವಾಯಿತು ಅಂದರೆ, ವಿಮೆಯಿಂದ. ನಮ್ಮ ಕಡೆ ಅಡಿಕೆಗೆ, ಮೆಣಸಿಗೆ ಇರುವುದು ಹವಾಮಾನ ಆಧಾರಿತ ಬೆಳೆ ವಿಮೆ. ಕೊಳೆರೋಗ ಬಂದು ಕಾಯಿ ಉದುರಿದೆಯಾ ಅಂತ ಯಾರೂ ತೋಟಕ್ಕೆ ಬಂದು ನೋಡುವುದಿಲ್ಲ. ಮಳೆಮಾಪಕ ಏನು ಹೇಳುತ್ತದೋ ಅದೇ ಲೆಕ್ಕ. ಪಕ್ಕದ ಪಂಚಾಯಿತಿಗೆ ದುಡ್ಡು ಬಂದು ನಮಗೆ ಬರದಿದ್ದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ನಮ್ಮ ಮಾಪಕದಲ್ಲಿ ಆ ವಾರ ಎಷ್ಟಿತ್ತು? ಉತ್ತರ ಸಾರ್ವಜನಿಕವಾಗಿಯೇ ಇದೆ. ಆದರೆ ರಾಜ್ಯದ ಕಚೇರಿ ಹಾಕುವುದು ದಿನಕ್ಕೊಂದು ಪಿಡಿಎಫ್. ಒಂದು ಮಳೆಗಾಲ ಅಂದರೆ ಜೂನ್‌ನಿಂದ ಸೆಪ್ಟೆಂಬರ್ ತನಕ 122 ಫೈಲ್. ಯಾರು ಕೂತು ನೋಡುತ್ತಾರೆ?

ಹಂತ 1: ಸಾಮಾನು ಮತ್ತು ಖರ್ಚು

ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ವಿಂಡೋಸ್ ಬದಲು ಉಬುಂಟು. ಕೋಡ್ ಬರೆಯಲು ಪೈಥಾನ್. ಪಿಡಿಎಫ್‌ನಿಂದ ಕೋಷ್ಟಕ ಎತ್ತಲು ಪಿಡಿಎಫ್‌ಪ್ಲಂಬರ್, ಸ್ಕ್ಯಾನ್ ಓದಲು ಟೆಸೆರಾಕ್ಟ್, ಕಣ್ಣಿನಲ್ಲಿ ನೋಡಲು ಲಿಬ್ರೆ ಆಫೀಸ್. ಎಲ್ಲವೂ ಪುಕ್ಕಟೆ. ಕೈಯಿಂದ ಬಿಟ್ಟ ದುಡ್ಡು ಮಾಹಿತಿ ಹಕ್ಕಿನ ಅರ್ಜಿಗೆ ಮತ್ತು ಸ್ಕ್ಯಾನಿಂಗ್‌ಗೆ, ಅದನ್ನು ಮುಂದೆ ಹೇಳುತ್ತೇನೆ. ಯುಪಿಎಸ್ ಇಲ್ಲದಿದ್ದರೆ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂರಬೇಡಿ.

ಹಂತ 2: ಪಿಡಿಎಫ್ ಬಿಡಿಸಿದ್ದು

ಇತ್ತೀಚಿನ ಫೈಲುಗಳು ಸುಲಭ. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಇದೆ, ಗೆರೆ ಹಾಕಿದ ಕೋಷ್ಟಕ ಇದೆ, ಪಿಡಿಎಫ್‌ಪ್ಲಂಬರ್ ತಕರಾರಿಲ್ಲದೆ ಎತ್ತಿಕೊಡುತ್ತದೆ. ತೊಂದರೆ ಹಳೆಯದರಲ್ಲಿ. ಅವೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿವೆ. ಪರದೆಯ ಮೇಲೆ ಚಂದದ ಕನ್ನಡ. ಕಾಪಿ ಮಾಡಿ ಅಂಟಿಸಿದರೆ ತಲೆಯ ಮೇಲೆ ಚುಕ್ಕಿ, ಕೊಂಬು ಇರುವ ರೋಮನ್ ಅಕ್ಷರಗಳ ಗುಡ್ಡೆ. ಫೈಲಿನೊಳಗೆ ಕನ್ನಡ ಅಕ್ಷರವೇ ಇಲ್ಲ, ಬರೀ ವೇಷ. ಹಲಸಿನ ಹಣ್ಣು ಬಿಡಿಸಿದ ಹಾಗೆ, ತೊಳೆ ಸಿಗುವ ಮೊದಲು ಕೈಯೆಲ್ಲ ಮೇಣ.

ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳನ್ನು ಕೆಲವು ಪುಣ್ಯಾತ್ಮರು ಬರೆದು ಮುಕ್ತವಾಗಿ ಬಿಟ್ಟಿದ್ದಾರೆ. ಮೊದಲ ಸಲ ಇಡೀ ಪುಟವನ್ನೇ ಅದಕ್ಕೆ ಕೊಟ್ಟೆ. ಆಗಲಿಲ್ಲ. ಪುಟದಲ್ಲಿ ಅಲ್ಲಲ್ಲಿ ನಿಜವಾದ ಇಂಗ್ಲಿಷ್ ಪದಗಳೂ ಇದ್ದವು. ಪರಿವರ್ತಕಕ್ಕೆ ಅದು ಗೊತ್ತಾಗುವುದು ಹೇಗೆ? ಅವನ್ನೂ ಕನ್ನಡ ಮಾಡಿಬಿಟ್ಟಿತು. ಕೊನೆಗೆ ಉಳಿದ ದಾರಿ: ಮೊದಲು ಕೋಷ್ಟಕ ಎತ್ತಿ, ಹೆಸರಿನ ಕಾಲಂ ಮಾತ್ರ ಪರಿವರ್ತಕಕ್ಕೆ ಕೊಡುವುದು. ಅಂಕಿ ಕಾಲಂ ಮುಟ್ಟುವುದು ಬೇಡ.

ಅಂಕಿಯ ವಿಷಯದಲ್ಲಿ ಒಂದು ಅನುಕೂಲ ಇದೆ. ಹೆಸರಿನ ಕೊನೆಗೆ ‘ಕೆ’ ಬಾಲ ಇರುವ ನುಡಿ ಫಾಂಟ್‌ನಲ್ಲಿ ಕಾಣುವುದು ೧, ೨, ೩. ಒಳಗಿರುವುದು ಮಾಮೂಲಿ 1, 2, 3. ಹಾಗಾಗಿ ಎತ್ತಿದಾಗ ನೇರ ಇಂಗ್ಲಿಷ್ ಅಂಕಿಯೇ ಬರುತ್ತದೆ. ಯೂನಿಕೋಡ್ ಫೈಲಿನಲ್ಲಿ ನಿಜವಾದ ಕನ್ನಡ ಅಂಕಿ ಇದ್ದರೂ ಹೆದರಬೇಕಿಲ್ಲ. ಪೈಥಾನ್‌ಗೆ ‘೧೨.೫’ ಕೊಟ್ಟರೆ 12.5 ಅಂತಲೇ ಓದಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ನಾನು ಅಂಕಿ ಬದಲಿಸುವ ಕೋಡ್ ಬರೆಯುತ್ತ ಕೂತಿದ್ದೆ.

ಹಂತ 3: ಏಳು ತಾಲ್ಲೂಕು ಹನ್ನೊಂದಾದದ್ದು

ಜಿಲ್ಲೆಯಲ್ಲಿ ತಾಲ್ಲೂಕು ಏಳು. ಎಲ್ಲ ಫೈಲು ಒಟ್ಟು ಮಾಡಿ ತಾಲ್ಲೂಕುವಾರು ಗುಂಪು ಹಾಕಿದರೆ ಹನ್ನೊಂದು ಬಂತು. ಸಾಗರ, ಭದ್ರಾವತಿ, ಶಿಕಾರಿಪುರ ಒಂದೊಂದೇ. ಶಿವಮೊಗ್ಗ, ಹೊಸನಗರ, ಸೊರಬ, ತೀರ್ಥಹಳ್ಳಿ ಎರಡೆರಡು. ಕಣ್ಣಿಗೆ ಎರಡರಲ್ಲೂ ಕಾಗುಣಿತ ಒಂದೇ, ಒಂದು ಚುಕ್ಕಿಯೂ ಆಚೀಚೆ ಇಲ್ಲ.

ಕಾರಣ ಯೂನಿಕೋಡ್‌ನಲ್ಲಿದೆ. ‘ೊ’ ಅನ್ನುವ ಚಿಹ್ನೆಯನ್ನು ಒಂದೇ ಸಂಕೇತದಿಂದಲೂ ಬರೆಯಬಹುದು, ‘ೆ’ ಮತ್ತು ‘ೂ’ ಎರಡನ್ನು ಒಂದರ ಹಿಂದೆ ಒಂದು ಇಟ್ಟೂ ಬರೆಯಬಹುದು. ತೀರ್ಥಹಳ್ಳಿಯ ‘ೀ’ ಕೂಡ ಹಾಗೆಯೇ, ಗುಡಿಸಿನ ಮುಂದೆ ದೀರ್ಘದ ಗುರುತು. ಓದುವವರಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಪರಿವರ್ತಕದಿಂದ ಬಂದದ್ದು ಒಂದು ಥರ, ಹೊಸ ಫೈಲಿನಲ್ಲಿ ಇದ್ದದ್ದು ಇನ್ನೊಂದು ಥರ. ಪೈಥಾನ್‌ನಲ್ಲಿ ಇದಕ್ಕೆ ಒಂದೇ ಸಾಲಿನ ಮದ್ದು ಇದೆ, ಎನ್ಎಫ್‌ಸಿ ಅನ್ನುವ ಕ್ರಮಕ್ಕೆ ತರುವುದು. ತಂದರೆ ತಾಲ್ಲೂಕು ಮತ್ತೆ ಏಳು. ಅರ್ಕಾವೊತ್ತಿನ ಪಕ್ಕ ಕೂತಿರುವ ಕಣ್ಣಿಗೆ ಕಾಣದ ಜೋಡಕ ಅಕ್ಷರಗಳನ್ನು ಮಾತ್ರ ಎನ್ಎಫ್‌ಸಿ ತೆಗೆಯುವುದಿಲ್ಲ. ಅವನ್ನು ಬೇರೆಯಾಗಿ ಗುಡಿಸಬೇಕು.

ಇಂಗ್ಲಿಷ್ ಹೆಸರಿನ ಗೋಜಲು ಇನ್ನೊಂದು. ಊರಿನ ಹೆಸರು ಅಧಿಕೃತವಾಗಿ ಶಿವಮೊಗ್ಗ ಆದದ್ದು 2014ರ ನವೆಂಬರ್ 1ರಂದು. ಆದರೆ ಫೈಲುಗಳಲ್ಲಿ ‘ಶಿಮೊಗ’ ಆಮೇಲೂ ಓಡಾಡಿಕೊಂಡೇ ಇದೆ.

ಎಲ್ಲಕ್ಕಿಂತ ಜಾಸ್ತಿ ಕಾಟ ಕೊಟ್ಟದ್ದು ಕಸಬಾ. ಸಾಗರದಲ್ಲಿ ಕಸಬಾ ಹೋಬಳಿ, ಹೊಸನಗರದಲ್ಲಿ ಕಸಬಾ, ತೀರ್ಥಹಳ್ಳಿಯಲ್ಲಿ ಕಸಬಾ, ಸೊರಬದಲ್ಲಿ ಕಸಬಾ. ಹೋಬಳಿ ಹೆಸರನ್ನೇ ಕೀಲಿ (ಸಾಲುಗಳನ್ನು ಗುರುತಿಸಿ ಜೋಡಿಸುವ ಹೆಸರು) ಮಾಡಿಕೊಂಡಿದ್ದರಿಂದ ಎಲ್ಲ ಕಸಬಾಗಳ ಮಳೆ ಒಂದೇ ಕಡೆ ಸುರಿದಿತ್ತು. ಈಗ ತಾಲ್ಲೂಕು, ಹೋಬಳಿ ಎರಡೂ ಸೇರಿಸಿ ಕೀಲಿ ಮಾಡಿದ್ದೇನೆ. ತಾಲ್ಲೂಕಿಗೂ ಗ್ರಾಮ ಪಂಚಾಯಿತಿಗೂ ಕೇಂದ್ರ ಸರ್ಕಾರದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯ ಸಂಕೇತ ಹಾಕಿದ್ದೇನೆ. ಹೆಸರು ಹೇಗೆ ಬರೆದರೂ ಸಂಕೇತ ಬದಲಾಗುವುದಿಲ್ಲ. ನಾಳೆ ಬೇರೆಯವರು ಜನಸಂಖ್ಯೆಯದ್ದೋ ಬೆಳೆಯದ್ದೋ ಲೆಕ್ಕ ತಂದು ಇದರ ಪಕ್ಕ ಕೂರಿಸಬೇಕಾದರೆ ಅದೊಂದೇ ಆಧಾರ.

ಹಂತ 4: ಮಾಹಿತಿ ಹಕ್ಕು

ಮಧ್ಯದಲ್ಲಿ ಒಂದು ಮಳೆಗಾಲದ ಫೈಲುಗಳೇ ಇರಲಿಲ್ಲ. ಕೊಂಡಿ ಒತ್ತಿದರೆ ಖಾಲಿ ಪುಟ. ಸಂಬಂಧಪಟ್ಟ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಹಾಗಾಗಿ ಮಳೆ ಮತ್ತು ಜಲಾಶಯ ಎರಡನ್ನೂ ಒಂದರಲ್ಲಿ ತುರುಕಲು ಹೋಗಬೇಡಿ.

2005ರ ಕಾಯ್ದೆಯ 7(9)ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಕೇಳಿದ ರೂಪದಲ್ಲೇ ಮಾಹಿತಿ ಕೊಡಬೇಕು. ಎಲೆಕ್ಟ್ರಾನಿಕ್ ರೂಪದಲ್ಲಿ ಪಡೆಯುವ ಹಕ್ಕು 2(ಜೆ)ಯಲ್ಲಿದೆ. ಫ್ಲಾಪಿ, ವಿಡಿಯೊ ಕ್ಯಾಸೆಟ್ ಅಂತೆಲ್ಲ ಅದರಲ್ಲಿ ಈಗಲೂ ಬರೆದಿದೆ. ನಾನು ‘ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ, ಇಮೇಲ್ ಮೂಲಕ’ ಅಂತ ಬರೆದೆ. ಸೆಕ್ಷನ್ ನಂಬರ್ ಹಾಕಲಿಲ್ಲ, ಸುಮ್ನೆ ಜಗಳ ಯಾಕೆ ಅಂತ. ಅಲ್ಲಿಯೇ ಕೆಟ್ಟದ್ದು. ಬಂದದ್ದು ದಿನಕ್ಕೊಂದು ಹಾಳೆ. ಪುಟಕ್ಕೆ 2 ರೂಪಾಯಿಯಂತೆ 122 ಪುಟಕ್ಕೆ 244 ರೂಪಾಯಿ. ಹಾಳೆಗಳನ್ನು ನೋಡಿದರೆ ಗೊತ್ತಾಗುತ್ತದೆ, ಎಕ್ಸೆಲ್‌ನಿಂದಲೇ ಪ್ರಿಂಟ್ ತೆಗೆದದ್ದು. ಕಾಲಂ ಅಗಲ ಸಾಲದ ಕಡೆ ಅಂಕಿಯ ಬದಲು ಹ್ಯಾಷ್ ಗುರುತುಗಳ ಸಾಲು ಹಾಗೇ ಅಚ್ಚಾಗಿದೆ! ಪ್ರತಿ ಹಾಳೆಯ ಕೆಳಗೆ ನೇರಳೆ ಸೀಲು, ಅದೂ ಸರಿಯಾಗಿ ಒಟ್ಟು ಮೊತ್ತದ ಸಾಲಿನ ಮೇಲೆ.

ಮುಂದಿನ ಅರ್ಜಿಯಲ್ಲಿ ಸೆಕ್ಷನ್ ನಂಬರ್ ಹಾಕಿದೆ. ಎಕ್ಸೆಲ್ ಫೈಲು ಇಮೇಲಿಗೇ ಬಂತು.

ಹಾಳೆಗಳನ್ನು ಸಾಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದೆ. ಅವರು 150 ಡಿಪಿಐನಲ್ಲಿ, ಅಂದರೆ ಇಂಚಿಗೆ 150 ಚುಕ್ಕಿಯ ಲೆಕ್ಕದಲ್ಲಿ, ಮಾಡಿಕೊಟ್ಟರು, ಟೆಸೆರಾಕ್ಟ್‌ಗೆ 8 ಮತ್ತು 3 ಒಂದೇ ಆಗಿ ಕಂಡವು. 300ಕ್ಕೆ ಇಟ್ಟು ಮತ್ತೆ ಮಾಡಿಸಬೇಕಾಯಿತು. ಮೊದಲೇ ಹೇಳಿ ಮಾಡಿಸಿ. ಇಡೀ ಪುಟ ಓದಿಸುವುದರ ಬದಲು ಒಂದೊಂದು ಚೌಕ ಕತ್ತರಿಸಿ, ಅಂಕಿ ಮತ್ತು ಚುಕ್ಕಿ ಬಿಟ್ಟು ಬೇರೇನೂ ಓದಬೇಡ ಅಂತ ಟೆಸೆರಾಕ್ಟ್‌ಗೆ ಕಟ್ಟು ಹಾಕಿದ ಮೇಲೆ ತಪ್ಪು ಬಹಳ ಕಮ್ಮಿಯಾಯಿತು. ಸೀಲಿನ ನೇರಳೆ ಬಣ್ಣವನ್ನು ಮೊದಲು ಅಳಿಸಿದೆ. ಉಳಿದ ದೊಡ್ಡ ತಪ್ಪು ಚುಕ್ಕಿ ಬಿಟ್ಟುಹೋಗುವುದು: 112.4 ಹೋಗಿ 1124.

ಇದನ್ನು ಹಿಡಿಯಲು ‘200 ಮಿ.ಮೀ. ದಾಟಿದರೆ ತೆಗೆದುಹಾಕು’ ಅಂತ ಒಂದು ನಿಯಮ ಬರೆದಿದ್ದೆ. ಬಯಲುಸೀಮೆಯಲ್ಲಿ ಅದು ನಡೆಯುತ್ತಿತ್ತೇನೋ. ಇಲ್ಲಿ ಆಗುಂಬೆ, ಹುಲಿಕಲ್ ಕಡೆಯ ನಿಜವಾದ ಮಳೆಯನ್ನೇ ಕಿತ್ತು ಬಿಸಾಕಿತು. ಹವಾಮಾನ ಇಲಾಖೆ 204.4 ಮಿ.ಮೀ.ಗಿಂತ ಜಾಸ್ತಿ ಬಿದ್ದ ದಿನಕ್ಕೆ ‘ಅತ್ಯಂತ ಭಾರಿ ಮಳೆ’ ಅಂತ ಒಂದು ವರ್ಗವನ್ನೇ ಇಟ್ಟಿದೆ, ಸುಮ್ನೆ ಇಟ್ಟಿಲ್ಲ. ಈಗ ಯಾವುದನ್ನೂ ಕೋಡ್ ತೆಗೆಯುವುದಿಲ್ಲ. ಹೋಬಳಿಗಳ ಸರಾಸರಿ ಹಾಕಿ, ಹಾಳೆಯಲ್ಲೇ ಅಚ್ಚಾದ ತಾಲ್ಲೂಕು ಸರಾಸರಿಗೆ ತಾಳೆ ನೋಡುತ್ತದೆ. ತಾಳೆಯಾಗದ ದಿನವನ್ನು ನಾನು ಹಾಳೆ ಹಿಡಿದು ನೋಡುತ್ತೇನೆ.

ಹಂತ 5: ಗೆರೆ

ಈ ಕೆಲಸದಲ್ಲಿ ಒಂದೇ ಒಂದು ವಿಷಯ ನೆನಪಿಡಬೇಕು ಅಂದರೆ ಇದು. ಕೋಷ್ಟಕದಲ್ಲಿ ಕೆಲವು ಚೌಕದಲ್ಲಿ 0, ಕೆಲವಲ್ಲಿ 0.0, ಕೆಲವು ಖಾಲಿ, ಕೆಲವಲ್ಲಿ ಒಂದು ಅಡ್ಡ ಗೆರೆ. ಮೊದಲ ಆವೃತ್ತಿಯಲ್ಲಿ ಎಲ್ಲವನ್ನೂ ಸೊನ್ನೆ ಮಾಡಿದೆ. ಫೈಲು ಎಷ್ಟು ಚೊಕ್ಕ ಕಾಣುತ್ತಿತ್ತು ಗೊತ್ತಾ?

ಆಮೇಲೆ ನಕ್ಷೆ ಬಿಡಿಸಿದಾಗ ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿ ಜುಲೈ ನಡುಮಧ್ಯದಲ್ಲಿ ಸಾಲಾಗಿ ಸೊನ್ನೆ. ಸುತ್ತಲಿನ ಹೋಬಳಿಗಳಲ್ಲಿ ನೂರರ ಮೇಲೆ. ನಗರದಲ್ಲಿ ಜುಲೈ ತಿಂಗಳಲ್ಲಿ ಮಳೆ ಇಲ್ಲ ಅಂದರೆ ಆ ಊರಿನ ಮಕ್ಕಳೂ ನಗುತ್ತಾರೆ. ಮಾಪಕಕ್ಕೆ ಎಲೆ ಸಿಕ್ಕಿಕೊಂಡಿತ್ತೋ, ಬ್ಯಾಟರಿ ಕೂತಿತ್ತೋ, ಸಿಗ್ನಲ್ ಹೋಗಲಿಲ್ಲವೋ. ಅಂತೂ ಲೆಕ್ಕ ಬಂದಿಲ್ಲ. ಮಳೆ ಬಂದಿದೆ.

ವರದಿ ತಯಾರಿಸುವ ಕಚೇರಿಗೆ ಫೋನ್ ಮಾಡಿದೆ. ಎತ್ತಿಕೊಂಡವರು ತಾಳ್ಮೆಯಿಂದಲೇ ಹೇಳಿದರು: “ಗೆರೆ ಅಂದ್ರೆ ನಿಲ್ ಸಾರ್. ಕೆಲವು ಸಲ ರಿಪೋರ್ಟ್ ಬಂದಿರಲ್ಲ, ಆಗಲೂ ಗೆರೆನೇ ಹಾಕ್ತೀವಿ.”

ಇದು ಎಷ್ಟು ದೊಡ್ಡ ವಿಷಯ ಅಂತ ಲೆಕ್ಕ ಹಾಕಿ ನೋಡಿ. ಒಂದು ಹೋಬಳಿಯಲ್ಲಿ ನಾಲ್ಕು ಮಾಪಕ ಅಂದುಕೊಳ್ಳಿ. ಮೂರರಲ್ಲಿ 80, 75, 70. ನಾಲ್ಕನೆಯದರಲ್ಲಿ ಗೆರೆ. ಗೆರೆಯನ್ನು ಸೊನ್ನೆ ಅಂದರೆ ಸರಾಸರಿ 56.25. ಬಿಟ್ಟು ಲೆಕ್ಕ ಹಾಕಿದರೆ 75. ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ಭಾರಿ ಮಳೆ’ ಶುರುವಾಗುವುದು 64.5 ಮಿ.ಮೀ.ಗೆ. ಒಂದು ಗೆರೆಯಿಂದ ಒಂದು ಭಾರಿ ಮಳೆಯ ದಿನವೇ ದಾಖಲೆಯಿಂದ ಮಾಯ. ವಿಮೆ, ಪರಿಹಾರ, ಸೇತುವೆ ಎತ್ತರ ಎಲ್ಲದಕ್ಕೂ ಇಂಥ ಅಂಕಿಯನ್ನೇ ನೋಡುವುದು ಅಲ್ವಾ?

ಈಗಿನ ನಿಯಮ: ಅಚ್ಚಿನಲ್ಲಿ 0 ಇದ್ದರೆ ಮಾತ್ರ 0. ಗೆರೆ ಮತ್ತು ಖಾಲಿ ಚೌಕ ಎರಡೂ ಖಾಲಿ. ಪಕ್ಕದ ಕಾಲಂನಲ್ಲಿ ಮೂಲದಲ್ಲಿ ಏನಿತ್ತೋ ಅದನ್ನು ಹಾಗೇ ಇಟ್ಟಿದ್ದೇನೆ. ಜನವರಿಯಲ್ಲಿ ಜಿಲ್ಲೆಗೆ ಜಿಲ್ಲೆಯೇ ಗೆರೆ ಇದ್ದರೆ ಅದು ಸೊನ್ನೆಯೇ ಇರಬಹುದು. ಆದರೂ ನಾನು ತುಂಬಿಲ್ಲ. ತುಂಬುವವರು ತಮ್ಮ ಜವಾಬ್ದಾರಿಯಲ್ಲಿ ತುಂಬಿಕೊಳ್ಳಲಿ, ಮೂಲ ಕಾಣುತ್ತಿರಲಿ. ಫೈಲು ಈಗ ಮೊದಲಿನಷ್ಟು ಚೊಕ್ಕ ಇಲ್ಲ.

ಹಂತ 6: ದಿನಾಂಕ, ಮತ್ತು ಪಕ್ಕದ ತೋಟದ ಡೈರಿ

ಸಿಎಸ್‌ವಿ ಫೈಲಿನಲ್ಲಿ 05/07 ಅಂತ ಬರೆದರೆ ನಮಗೆ ಅದು ಜುಲೈ 5. ಅಮೆರಿಕದ ಕ್ರಮಕ್ಕೆ ಇಟ್ಟ ಕಂಪ್ಯೂಟರ್‌ನ ಎಕ್ಸೆಲ್‌ನಲ್ಲಿ ತೆರೆದರೆ ಮೇ 7. ತಿಂಗಳ 12ರ ತನಕ ಹೀಗೆ ತಿರುವುಮುರುವು ಆಗುತ್ತದೆ. 13ರಿಂದ ಮುಂದೆ ಆಗುವುದಿಲ್ಲ, ಯಾಕೆಂದರೆ 13ನೇ ತಿಂಗಳಿಲ್ಲ. ಮೇ ತಿಂಗಳ 7ರಂದು ಒಂದೇ ದಿನ ಮುಂಗಾರು ಬಂದು ಹೋದ ಹಾಗೆ ಕಂಡರೆ ಇದೇ ಕಾರಣ. ಫೈಲಿನಲ್ಲಿ ದಿನಾಂಕ ಬರೆಯುವುದು ವರ್ಷ-ತಿಂಗಳು-ದಿನ ಕ್ರಮದಲ್ಲಿ ಮಾತ್ರ: 2023-07-05.

ತಾಳೆ ನೋಡಲು ಪಕ್ಕದ ತೋಟದ ಹಿರಿಯರೊಬ್ಬರ ಮಳೆ ಡೈರಿ ತಂದೆ. ಅವರದ್ದು ಹಳೆಯ ಲೆಕ್ಕ, ಇಂಚು ಮತ್ತು ಸೆಂಟ್. ಇಂಚಿಗೆ ನೂರು ಸೆಂಟ್. ಒಂದು ಇಂಚು 25.4 ಮಿ.ಮೀ. ‘1-35’ ಅಂದರೆ 1.35 ಇಂಚು, 34.3 ಮಿ.ಮೀ. ಅಲ್ಲಿಗೆ ಸರಿ. ‘1-5’ ಅಂತ ಇದ್ದಲ್ಲಿ 1.5 ಇಂಚು ಅಂದುಕೊಂಡು 38.1 ಹಾಕಿದ್ದೆ. ಅವರು ನೋಡಿ ನಕ್ಕರು. “ಐದು ಸೆಂಟ್ ಅಂದ್ರೆ ಐದೇ ಸೆಂಟ್ ಮಾರಾಯ. ಅರ್ಧ ಇಂಚು ಆಗಿದ್ರೆ ಐವತ್ತು ಅಂತ ಬರೀತಿದ್ದೆ.” ಅದು 1.05 ಇಂಚು, 26.7 ಮಿ.ಮೀ.

ಸೆಂಟ್ ಸರಿ ಮಾಡಿದರೂ ಡೈರಿಗೂ ಸರ್ಕಾರಿ ಲೆಕ್ಕಕ್ಕೂ ತಾಳೆ ಬರಲಿಲ್ಲ. ಅವರಲ್ಲಿ ದೊಡ್ಡ ಮಳೆ ಇದ್ದ ದಿನ ಇಲ್ಲಿ ಸಣ್ಣದು, ಮಾರನೇ ದಿನ ಇಲ್ಲಿ ದೊಡ್ಡದು. ಒಂದು ದಿನ ಸರಿಸಿ ನೋಡಿದೆ. ನಕ್ಷೆಯ ಎರಡು ಗೆರೆಯೂ ಒಟ್ಟಿಗೆ ಏರಿಳಿದವು. ಸರ್ಕಾರಿ ಲೆಕ್ಕ ಬೆಳಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯದ್ದು, ಮುಗಿದ ದಿನದ ಹೆಸರಿನಲ್ಲಿ ಬರೆಯುತ್ತಾರೆ. ಅಂದರೆ 15ನೇ ತಾರೀಕಿನ ಅಂಕಿಯಲ್ಲಿ ಹೆಚ್ಚಿನ ಪಾಲು 14ನೇ ತಾರೀಕಿನ ಮಳೆ. ಡೈರಿಯ ಯಜಮಾನರು ಬೆಳಗ್ಗೆ ಅಳೆದು ‘ನಿನ್ನೆ’ಗೆ ಬರೆಯುತ್ತಾರೆ. ಇಬ್ಬರದ್ದೂ ಸರಿ. ಈಗ ಫೈಲಿನಲ್ಲಿ ‘ಲೆಕ್ಕ ಮುಗಿದ ಹೊತ್ತು’ ಅಂತ ಒಂದು ಕಾಲಂ ಇದೆ.

ಅವರೇ ಇನ್ನೊಂದು ಮಾತು ಕೇಳಿದರು. “ನಿನ್ನ ಜುಲೈ ಇಟ್ಕೊಂಡು ನಾನೆಂತ ಮಾಡ್ಲಿ? ಪುನರ್ವಸು ಎಷ್ಟು, ಪುಷ್ಯ ಎಷ್ಟು, ಅದು ಹೇಳು.” ಹಾಗಾಗಿ ಮಳೆ ನಕ್ಷತ್ರದ ಕಾಲಂ ಸೇರಿಸಿದೆ. ಆರಿದ್ರ ಜೂನ್ 21-22ರ ಹೊತ್ತಿಗೆ ಹಿಡಿಯುತ್ತದೆ, ಪುನರ್ವಸು ಜುಲೈ 5-6, ಪುಷ್ಯ 19-20. ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆಗುವುದರಿಂದ ಪ್ರತಿ ವರ್ಷದ ಪಂಚಾಂಗ ನೋಡಿ ಪಟ್ಟಿ ಮಾಡಿದೆ. ನಮ್ಮ ಕಡೆ ಇದನ್ನು ತೆರೆದು ನೋಡಿದವರಲ್ಲಿ ಮಿ.ಮೀ. ಕಾಲಂಗಿಂತ ಇದರ ಬಗ್ಗೆ ಕೇಳಿದವರೇ ಜಾಸ್ತಿ.

ಹಂತ 7: ಜಲಾಶಯ

ಇದೇ ವರದಿಯಲ್ಲಿ ಜಲಾಶಯದ ಮಟ್ಟವೂ ಇರುತ್ತದೆ. ಲಿಂಗನಮಕ್ಕಿ ಗರಿಷ್ಠ 1819 ಅಡಿ, ಅದು ಸಮುದ್ರ ಮಟ್ಟದಿಂದ. ಭದ್ರಾ 186 ಅಡಿ, ಅದು ಸಮುದ್ರ ಮಟ್ಟದಿಂದ ಅಲ್ಲ, ಅಣೆಕಟ್ಟೆಯದೇ ಅಳತೆ. ಗಾಜನೂರಿನ ತುಂಗಾ 588.24, ಅದು ಮೀಟರ್. ಮೂರೂ ಒಂದೇ ಕಾಲಂನಲ್ಲಿ, ಮೇಲೆ ‘ಮಟ್ಟ’ ಅಂತ ಮಾತ್ರ. ಸದ್ಯಕ್ಕೆ ಇದನ್ನು ಬೇರೆ ಫೈಲಾಗಿ ಇಟ್ಟು, ಅಳತೆಯ ಮಾನ ಮತ್ತು ಎಲ್ಲಿಂದ ಅಳೆದದ್ದು ಅನ್ನುವ ಎರಡು ಕಾಲಂ ಹಾಕಿ ಬಿಟ್ಟಿದ್ದೇನೆ.

ಹಂತ 8: ಲೈಸೆನ್ಸ್

ಫೈಲು ತಯಾರಾಯಿತು, ಹಾಕಿಬಿಡೋಣ ಅಂದರೆ ಹಾಗಾಗುವುದಿಲ್ಲ. ಪಿಡಿಎಫ್‌ನ ಅಡಿಯಲ್ಲಿ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಅಂತಿದೆ. ನಮ್ಮ ದೇಶದಲ್ಲಿ ಸರ್ಕಾರ ಪ್ರಕಟಿಸಿದ ಕೃತಿಗೂ ಹಕ್ಕುಸ್ವಾಮ್ಯ ಇದೆ, 60 ವರ್ಷ. ಕಣ್ಣಿಗೆ ಕಾಣುತ್ತದೆ ಅಂದ ಮಾತ್ರಕ್ಕೆ ಎತ್ತಿಕೊಂಡು ಮರುಪ್ರಕಟಿಸಬಹುದು ಅಂತಲ್ಲ.

ಕೇಂದ್ರ ಸರ್ಕಾರದ ಡೇಟಾಗೆ ದಾರಿ ಸಲೀಸು. 2012ರಲ್ಲಿ ಡೇಟಾ ಹಂಚಿಕೆಯ ರಾಷ್ಟ್ರೀಯ ನೀತಿ ಬಂತು. 2017ರ ಫೆಬ್ರವರಿಯಲ್ಲಿ ‘ಸರ್ಕಾರಿ ಮುಕ್ತ ಡೇಟಾ ಲೈಸೆನ್ಸ್ – ಭಾರತ’ ಗೆಜೆಟ್‌ನಲ್ಲಿ ಪ್ರಕಟವಾಯಿತು. ಆ ಲೈಸೆನ್ಸ್ ಇದ್ದರೆ ವ್ಯಾಪಾರಕ್ಕೂ ಬಳಸಬಹುದು, ಬದಲಿಸಿಯೂ ಹಂಚಬಹುದು. ಮೂಲ ಯಾರದ್ದು ಅಂತ ಹೇಳಬೇಕು ಅಷ್ಟೇ. ರಾಜ್ಯದ ಕಚೇರಿಯ ಪಿಡಿಎಫ್‌ಗೆ ಅದು ತಾನಾಗಿ ಅನ್ವಯ ಆಗುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಪಡೆದರೂ ಅದು ಮಾಹಿತಿ ಕೊಟ್ಟ ಹಾಗೆ, ಲೈಸೆನ್ಸ್ ಕೊಟ್ಟ ಹಾಗಲ್ಲ.

ನಾನು ಹಿಡಿದ ದಾರಿ: ಇಷ್ಟು ಮಿ.ಮೀ. ಮಳೆ ಬಿತ್ತು ಅನ್ನುವುದು ಸಂಗತಿ, ಸಂಗತಿಗೆ ಹಕ್ಕುಸ್ವಾಮ್ಯ ಇಲ್ಲ. ಹಾಗಾಗಿ ಪಿಡಿಎಫ್‌ಗಳನ್ನು ಮರುಪ್ರಕಟಿಸಿಲ್ಲ. ಅಂಕಿಗಳನ್ನು ಮಾತ್ರ, ಮೂಲದ ಹೆಸರು ಮತ್ತು ವರದಿಯ ದಿನಾಂಕದ ಜೊತೆ ಹಾಕಿದ್ದೇನೆ. ನಾನು ಸೇರಿಸಿದ ಸಂಕೇತ, ನಕ್ಷತ್ರ, ಟಿಪ್ಪಣಿ ಎಲ್ಲ ಸಿಸಿ0, ಅಂದರೆ ಹಕ್ಕು ಪೂರ್ತಿ ಬಿಟ್ಟುಕೊಟ್ಟ ಹಾಗೆ, ನನ್ನ ಹೆಸರು ಹೇಳುವ ಅಗತ್ಯವೂ ಇಲ್ಲ. ‘ವ್ಯಾಪಾರಕ್ಕೆ ಬಳಸಬಾರದು’ ಅಂತ ಹಾಕು ಅಂತ ಒಬ್ಬ ಗೆಳೆಯ ಹಟ ಹಿಡಿದಿದ್ದ. ನಾನು ಒಪ್ಪಲಿಲ್ಲ. ಹಾಗೆ ಹಾಕಿದರೆ ಅದು ಮುಕ್ತ ಡೇಟಾ ಅಲ್ಲ. ಅಡಿಕೆ ಸೊಸೈಟಿ ಒಂದು ಆ್ಯಪ್ ಮಾಡಿಸಿದರೂ ಅದು ವ್ಯಾಪಾರವೇ ತಾನೆ? ಅವರನ್ನು ಬಿಟ್ಟು ಇನ್ಯಾರಿಗೆ ಬೇಕು ಇದು? ಕಚೇರಿಗೂ ಪತ್ರ ಬರೆದಿದ್ದೇನೆ, ವರದಿಯ ಅಡಿಯ ಆ ಒಂದು ಸಾಲು ಬದಲಿಸಿ ಅಂತ. ಉತ್ತರ ಬಂದಿಲ್ಲ.

ಹಂತ 9: ಹಾಕಿದ್ದು, ನಿಂತದ್ದು

ಫೈಲು ಗಿಟ್‌ಹಬ್ ಅನ್ನುವ, ಕೋಡ್ ಮತ್ತು ಫೈಲು ಹಂಚಿಕೊಳ್ಳುವ ತಾಣದಲ್ಲಿದೆ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಚಿತ್ರಲಿಪಿ ಆಗುತ್ತದೆ ಅಂತ ಮೊದಲ ದಿನವೇ ದೂರು ಬಂತು. ಯುಟಿಎಫ್-8 ಫೈಲಿನ ತಲೆಯಲ್ಲಿ ‘ಬಾಮ್’ ಅನ್ನುವ ಗುರುತು ಇಟ್ಟು ಉಳಿಸಿದರೆ ಸರಿಯಾಗುತ್ತದೆ. ಕಾಲಂಗಳ ವಿವರಣೆ ಕನ್ನಡದಲ್ಲೂ ಇದೆ.

ನಿಂತಿರುವುದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ, ಅಂದರೆ ವಿಮೆಗೆ ಬೇಕಾದ ಮಟ್ಟದಲ್ಲೇ. ಪಂಚಾಯಿತಿಗಳ ಮರುವಿಂಗಡಣೆ ಆದಾಗ ಒಂದು ಒಡೆದು ಎರಡಾದ ಕಡೆ, ಹಳೆಯ ಮಾಪಕ ಯಾವುದರ ಪಾಲಿಗೆ ಹೋಯಿತು ಅಂತ ವರದಿಯಲ್ಲಿಲ್ಲ. ಮಾಪಕದ ಅಕ್ಷಾಂಶ, ರೇಖಾಂಶ ಸಿಕ್ಕರೆ ನಕ್ಷೆಯ ಮೇಲೆ ಇಟ್ಟು ನೋಡಬಹುದು. ಅದಕ್ಕೆ ಇನ್ನೊಂದು ಅರ್ಜಿ ಹೋಗಿದೆ, ಈ ಸಲವೂ ಸೆಕ್ಷನ್ ನಂಬರ್ ಸಮೇತ.

ಅಷ್ಟರಲ್ಲಿ ಮನೆಯಲ್ಲಿ ಮಳೆ ಡೈರಿ ಇರುವವರು ಪುಟಗಳ ಫೋಟೊ ಕಳಿಸಿದರೆ ತಾಳೆಗೆ ಉಪಕಾರ. ಹೊಸನಗರ, ತೀರ್ಥಹಳ್ಳಿ ಕಡೆಯದ್ದು ಹೆಚ್ಚು ಬೇಕು. ಇಂಚೋ ಮಿ.ಮೀ.ಯೋ, ಎಷ್ಟು ಹೊತ್ತಿಗೆ ಅಳೆಯುತ್ತೀರಿ, ಇವತ್ತಿಗೆ ಬರೆಯುತ್ತೀರೋ ನಿನ್ನೆಗೋ, ಇಷ್ಟು ಮೊದಲ ಪುಟದ ಮೇಲೆ ಬರೆದು ಕಳಿಸಿ. ಅದಿಲ್ಲದ ಪುಟಗಳನ್ನು ಸೇರಿಸಲು ಬರುವುದಿಲ್ಲ.